ಬಿಲ್ಲಿನಲ್ಲಿ ಇಲ್ಲದ ಅಕ್ಕಿ

2018ರ ಜನವರಿ 1ರಂದು ಸಂಯುಕ್ತ ಅರಬ್ ಸಂಸ್ಥಾನದಲ್ಲಿ ಶೇಕಡ ಐದರ ಮೌಲ್ಯವರ್ಧಿತ ತೆರಿಗೆ ಜಾರಿಗೆ ಬಂತು. ಅದಕ್ಕೆ ಮೊದಲು ಹಾಲು, ಮೊಟ್ಟೆ, ಸೋಪಿನ ಬಿಲ್ಲಿನ ಕೆಳಗೆ ತೆರಿಗೆಯ ಸಾಲು ಇರಲಿಲ್ಲ.

ನಾನು ಆಗ ದುಬೈನ ಒಂದು ಇಂಗ್ಲಿಷ್ ದಿನಪತ್ರಿಕೆಯ ವಾಣಿಜ್ಯ ಪುಟಗಳ ಉಪಸಂಪಾದಕನಾಗಿದ್ದೆ. ಅಲ್ ಬರ್ಷಾದಲ್ಲಿ ಮೆಟ್ರೋ ನಿಲ್ದಾಣದಿಂದ ಹತ್ತು ನಿಮಿಷ ನಡೆದರೆ ಸಿಗುವ ಒಂದು ಕಟ್ಟಡದಲ್ಲಿ ಒಬ್ಬನೇ ಇದ್ದೆ. ನಮ್ಮ ಡೆಸ್ಕಿನ ಮುಖ್ಯಸ್ಥರು ಇಂಗ್ಲೆಂಡಿನವರು. ತೆರಿಗೆ ಬಂದ ಎರಡನೆಯ ವಾರ ಅವರು ಕರೆದು, ಯುರೋಪಿನವರು ಈ ತೆರಿಗೆಯನ್ನು ದಶಕಗಳಿಂದ ಕಟ್ಟುತ್ತಿದ್ದಾರೆ, ಅವರ ಅಡುಗೆಮನೆಯ ಖರ್ಚು ಹೇಗಿದೆ ನಮ್ಮದು ಹೇಗಿದೆ ಎಂದು ಒಂದು ಪುಟ ಮಾಡಿ ಎಂದರು. ಐದು ದೇಶ ಆರಿಸಿದೆವು: ಬ್ರಿಟನ್, ಐರ್ಲೆಂಡ್, ಜರ್ಮನಿ, ಫ್ರಾನ್ಸ್, ಸ್ಪೇನ್. ಸಾಮಾನು ಹನ್ನೆರಡು. ಹಾಲು, ಮೊಟ್ಟೆ, ಬ್ರೆಡ್, ಬೆಣ್ಣೆ, ಅಕ್ಕಿ, ಕೋಳಿ, ಆಲೂಗಡ್ಡೆ, ಈರುಳ್ಳಿ, ಟೊಮೆಟೊ, ಅಡುಗೆ ಎಣ್ಣೆ, ಬಟ್ಟೆ ಒಗೆಯುವ ಪುಡಿ, ಟೂತ್‌ಪೇಸ್ಟ್.

ಬೆಲೆ ಹೋಲಿಸುವುದು ಹೊರಗಿನಿಂದ ಸುಲಭವಾಗಿ ಕಾಣುತ್ತದೆ. ತೊಡಕು ಮೊಟ್ಟೆಯಿಂದಲೇ ಶುರುವಾಯಿತು. ಜರ್ಮನಿಯಲ್ಲಿ ಮೊಟ್ಟೆ ಹತ್ತರ ಪೆಟ್ಟಿಗೆಯಲ್ಲಿ ಬರುತ್ತದೆ, ಬ್ರಿಟನ್ನಿನಲ್ಲಿ ಆರರಲ್ಲಿ ಇಲ್ಲವೆ ಹನ್ನೆರಡರಲ್ಲಿ. ದುಬೈನಲ್ಲಿ ನಾವು ಕೊಳ್ಳುತ್ತಿದ್ದುದು ಮೂವತ್ತರ ಟ್ರೇ. ಬ್ರಿಟನ್ನಿನ ಹಾಲಿನ ಡಬ್ಬಿ ಪೈಂಟಿನ ಲೆಕ್ಕದ್ದು, ಐರ್ಲೆಂಡಿನದು ಲೀಟರಿನದು. ಬ್ರೆಡ್ಡಿನ ವಿಷಯಕ್ಕೆ ಡೆಸ್ಕಿನಲ್ಲಿ ಅರ್ಧ ದಿನ ಹೋಯಿತು.

“ಫ್ರಾನ್ಸಿಗೆ ಚೌಕದ ಬ್ರೆಡ್ಡಿನ ಬೆಲೆ ಹಾಕಿದರೆ ಫ್ರೆಂಚರು ನಗುತ್ತಾರೆ,” ಎಂದರು ಮುಖ್ಯಸ್ಥರು.

“ಹಾಗಾದರೆ ದುಬೈಗೆ ಖುಬೂಸ್ ಹಾಕಲೇ?” ಎಂದು ಕೇಳಿದೆ. ಖುಬೂಸ್ ಅಂದರೆ ಅಲ್ಲಿ ಎಲ್ಲೆಡೆ ಅಗ್ಗಕ್ಕೆ ಸಿಗುವ ಅರಬ್ ರೊಟ್ಟಿ.

“ಖುಬೂಸ್ ಹಾಕಿದರೆ ಮಿಕ್ಕ ಐವರೂ ಸೋಲುತ್ತಾರೆ. ಬೇಡ.”

ಕೊನೆಗೆ ಎಲ್ಲವನ್ನೂ ಕಿಲೋ ಮತ್ತು ಲೀಟರಿಗೆ ಇಳಿಸಿದೆವು. ದೊಡ್ಡ ಅಂಗಡಿಗಳ ಜಾಲತಾಣಗಳಿಂದ ಒಂದೇ ದಿನದ ಬೆಲೆ ತೆಗೆದುಕೊಂಡೆವು. ಅದೇ ದಿನದ ವಿನಿಮಯ ದರದಲ್ಲಿ ದಿರ್‍ಹಮ್ಮಿಗೆ ಬದಲಿಸಿದೆವು. ತೆರಿಗೆಯ ಚಿತ್ರ ನಾನು ಊಹಿಸಿದ್ದಕ್ಕಿಂತ ಬೇರೆ ಇತ್ತು. ಬ್ರಿಟನ್ ಮತ್ತು ಐರ್ಲೆಂಡಿನಲ್ಲಿ ಹಾಲು, ಬ್ರೆಡ್, ಮೊಟ್ಟೆಗೆ ತೆರಿಗೆ ಸೊನ್ನೆ. ಸ್ಪೇನಿನಲ್ಲಿ ನಾಲ್ಕು, ಜರ್ಮನಿಯಲ್ಲಿ ಏಳು. ತೆರಿಗೆಯೇ ಇಲ್ಲ ಎಂದು ಹೆಸರಾಗಿದ್ದ ದುಬೈನಲ್ಲಿ ಈಗ ಮಗುವಿನ ಹಾಲಿಗೂ ಐದು.

ಒಂದು ಕುಟುಂಬ ತಿಂಗಳಿಗೆ ಎಷ್ಟು ತಿನ್ನುತ್ತದೆ ಎಂಬ ಪ್ರಶ್ನೆಗೆ ಮಾತ್ರ ನಾವು ಕೈ ಹಾಕಲಿಲ್ಲ. ಆಯಾ ಸರ್ಕಾರಗಳ ಕುಟುಂಬ ವೆಚ್ಚದ ವರದಿಗಳನ್ನು ತೆರೆದು ನೋಡಿದ್ದೆ. ಹೊರಗೆ ತಿಂದ ಊಟ, ಸಿಗರೇಟು, ಮದ್ಯ ಇವನ್ನು ಮನೆಸಾಮಾನಿನ ಜೊತೆ ಸೇರಿಸಿದ ಪಟ್ಟಿಯೂ ಇತ್ತು, ಬೇರೆಯಾಗಿಟ್ಟ ಪಟ್ಟಿಯೂ ಇತ್ತು. ಅವನ್ನು ಒಂದರ ಪಕ್ಕದಲ್ಲಿ ಒಂದಿಟ್ಟರೆ ತಪ್ಪಾಗುತ್ತಿತ್ತು. ಇದು ಬೆಲೆಗಳ ಹೋಲಿಕೆ ಮಾತ್ರ, ಬಳಕೆಯ ಪ್ರಮಾಣದ್ದಲ್ಲ ಎಂದು ಪುಟದ ಕೆಳಗೆ ಸಣ್ಣ ಅಕ್ಷರದಲ್ಲಿ ಹಾಕಿದೆವು. ಜನವರಿಯ ಕೊನೆಯಲ್ಲಿ ಪುಟ ಅಚ್ಚಾಯಿತು.

ಫೆಬ್ರವರಿಯ ಒಂದು ಶುಕ್ರವಾರ, ಅಲ್ಲಿಯ ವಾರದ ರಜೆಯ ದಿನ, ಇಂಟರ್‌ನ್ಯಾಷನಲ್ ಸಿಟಿಯಿಂದ ಒಂದು ಫೋನ್ ಬಂತು. ಕರೆದವಳು ಕಾರ್ಕಳದ ಕಡೆಯ ಕೊಂಕಣಿ ಕ್ರಿಶ್ಚಿಯನ್ ನರ್ಸ್, ದೇರಾದ ಒಂದು ಖಾಸಗಿ ಆಸ್ಪತ್ರೆಯಲ್ಲಿ ಕೆಲಸ. ಅವಳ ಗಂಡ ಅಲ್ ಮುರಕ್ಕಬಾತಿನ ಒಂದು ಹೋಟೆಲಿನ ರೆಸ್ಟೋರೆಂಟಿನಲ್ಲಿ ಬಡಿಸುವ ವಿಭಾಗದವನು. ಒಂಬತ್ತು ವರ್ಷದ ಒಬ್ಬಳೇ ಮಗಳು. ಅವರ ಪರಿಚಯ ಆದದ್ದು ಐದು ಕಿಲೋ ಕುಚ್ಚಲಕ್ಕಿಯಿಂದ. ನಾನು ರಜೆ ಮುಗಿಸಿ ಮಂಗಳೂರಿನಿಂದ ಹೊರಡುವಾಗ ಯಾರೋ ಯಾರಿಗೋ ಹೇಳಿ, ಅವಳ ಅಣ್ಣ ವಿಮಾನ ನಿಲ್ದಾಣಕ್ಕೇ ಬಂದು ಕಟ್ಟು ಕೊಟ್ಟಿದ್ದ. ಕರಾವಳಿಯಿಂದ ಗಲ್ಫಿಗೆ ಹೋಗುವ ಯಾರ ಪೆಟ್ಟಿಗೆಯೂ ಪೂರ್ತಿಯಾಗಿ ಅವನದಲ್ಲ. ಮೂವತ್ತು ಕಿಲೋದಲ್ಲಿ ಹತ್ತಾದರೂ ಬೇರೆಯವರದು ಇರುತ್ತದೆ. ಅದನ್ನು ತಲುಪಿಸಲು ಹೋದಾಗ ಊಟ ಸಿಗುತ್ತದೆ, ಊಟದಿಂದ ಪರಿಚಯ ಬೆಳೆಯುತ್ತದೆ. ಅವಳು ನನ್ನನ್ನು ಅಣ್ಣ ಎನ್ನುತ್ತಿದ್ದಳು. ಗಂಡ ಮಾರಾಯ್ರೆ ಎನ್ನುತ್ತಿದ್ದ.

“ಅಣ್ಣ, ನೀವು ಬರೆದದ್ದು ಓದಿದೆ. ಇವತ್ತು ಇಗರ್ಜಿಯಿಂದ ಬಂದ ಮೇಲೆ ಮನೆಯಲ್ಲೇ ಇರ್ತೇವೆ. ಸ್ವಲ್ಪ ಬರ್ಲಿಕ್ಕೆ ಆಗ್ತದಾ? ಅರ್ಜೆಂಟ್ ಉಂಟು.”

ರಶೀದಿಯಾದವರೆಗೆ ಮೆಟ್ರೋ, ಅಲ್ಲಿಂದ ಬಸ್ಸು. ಇಂಟರ್‌ನ್ಯಾಷನಲ್ ಸಿಟಿಯ ಕಟ್ಟಡಗಳನ್ನು ಗುಂಪುಗುಂಪಾಗಿ ಕಟ್ಟಿ ಒಂದೊಂದಕ್ಕೂ ಒಂದೊಂದು ದೇಶದ ಹೆಸರಿಟ್ಟಿದ್ದಾರೆ. ಅವರಿದ್ದದ್ದು ಸ್ಪೇನಿನಲ್ಲಿ, ಮೂರನೆಯ ಮಹಡಿ, ಒಂದು ಮಲಗುವ ಕೋಣೆಯ ಮನೆ. ಇವತ್ತು ಫ್ರಾನ್ಸಿನಲ್ಲಿ ಬಂಗುಡೆ ಬಂದಿದೆ, ಇಂಗ್ಲೆಂಡಿನಲ್ಲಿ ಪಾರ್ಕಿಂಗ್ ಸಿಗುವುದಿಲ್ಲ ಎಂದು ಅಲ್ಲಿಯವರು ನಗದೆಯೇ ಹೇಳುತ್ತಾರೆ.

ಗಂಡ ಬಾಗಿಲು ತೆರೆದು, “ಬನ್ನಿ ಮಾರಾಯ್ರೆ. ಯುರೋಪಿನ ಲೆಕ್ಕ ಹಾಕ್ಲಿಕ್ಕೆ ಆಫೀಸಲ್ಲಿ ಎಂತಕ್ಕೆ ಕೂತದ್ದು ನೀವು? ನಮ್ಮ ಬಾಲ್ಕನಿಗೆ ಬಂದಿದ್ರೆ ಗ್ರೀಸ್ ಕಾಣ್ತಿತ್ತು,” ಎಂದ.

ಮೇಜಿನ ಮೇಲೆ ನನ್ನ ಪುಟವಿತ್ತು. ಐರ್ಲೆಂಡಿನ ಕಾಲಂಗೆ ಹಸಿರು ಮಾರ್ಕರ್ ಎಳೆದಿದ್ದರು. ಅದರ ಪಕ್ಕದಲ್ಲಿ ಐರ್ಲೆಂಡಿನ ಒಂದು ಆಸ್ಪತ್ರೆಯ ಪತ್ರ. ಅವಳು ಇಂಗ್ಲಿಷ್ ಪರೀಕ್ಷೆಯನ್ನು ಮೂರನೆಯ ಸಲ ಬರೆದು ಪಾಸಾಗಿದ್ದಳು, ಸಂದರ್ಶನವೂ ಮುಗಿದಿತ್ತು. ಬರುವೆನೋ ಇಲ್ಲವೋ, ಜೊತೆಗೆ ಕುಟುಂಬ ಇರುತ್ತದೋ ಇಲ್ಲವೋ ಎಂದು ಮಾರ್ಚ್ ಮಧ್ಯದೊಳಗೆ ತಿಳಿಸಬೇಕಿತ್ತು.

ಹೋಗುವುದು ನಿಶ್ಚಯವಾಗಿಯೇ ಇತ್ತು. ಪ್ರಶ್ನೆ ಇದ್ದದ್ದು ಮೂವರೂ ಒಟ್ಟಿಗೆ ಹೋಗಬಹುದೇ ಎಂಬುದು. ಗಂಡನಿಗೆ ಅಲ್ಲಿ ಕೂಡಲೇ ಕೆಲಸ ಸಿಗುವ ಭರವಸೆ ಇರಲಿಲ್ಲ. ಒಂದು ವರ್ಷವಾದರೂ ಅವಳ ಒಂದೇ ಸಂಬಳದಲ್ಲಿ ಮೂವರು ಬದುಕಬೇಕು.

“ಬಾಡಿಗೆ ಎಷ್ಟು ಅಂತ ಅಲ್ಲಿದ್ದ ಫ್ರೆಂಡ್ ಹೇಳಿದ್ದಾಳೆ,” ಎಂದಳು ಅವಳು. “ಸಂಬಳ ಪತ್ರದಲ್ಲಿ ಉಂಟು. ಮನೆ ಸಾಮಾನಿದ್ದು ಮಾತ್ರ ಗೊತ್ತಾಗೋದಿಲ್ಲ. ಅವಳು ಒಬ್ಬಳೇ ಇರೋದು, ಮೂರು ಹೊತ್ತೂ ಬ್ರೆಡ್ ತಿಂತಾಳೆ. ನೀವು ನಮ್ಮದೇ ಲೆಕ್ಕ ಹಾಕಿ ಕೊಡ್ಬೇಕು.”

“ಬಿಲ್ಲು ಇಟ್ಟಿದ್ದೀರಾ?”

“ಎಲ್ಲ ಉಂಟು. ಮೂರು ತಿಂಗಳಿದ್ದು.” ಆಸ್ಪತ್ರೆಯ ಕಡತಕ್ಕೆ ಹಾಕುವ ದೊಡ್ಡ ಕ್ಲಿಪ್ಪಿನಲ್ಲಿ ದಿನಾಂಕದ ಕ್ರಮದಲ್ಲಿ ಬಿಲ್ಲುಗಳನ್ನು ಸಿಕ್ಕಿಸಿದ್ದಳು. ನಾನು ಕೆಲಸ ಮಾಡಿದ ಯಾವ ಪತ್ರಿಕಾ ಕಚೇರಿಯಲ್ಲೂ ದಾಖಲೆ ಅಷ್ಟು ಅಚ್ಚುಕಟ್ಟಾಗಿ ಇರಲಿಲ್ಲ.

ಆ ವಾರ ಎರಡು ಸಂಜೆ ನಾನು ಆ ಕೆಲಸ ಮಾಡಿದೆ. ಬಿಲ್ಲಿನಲ್ಲಿರುವ ಪ್ರತಿ ಸಾಮಾನನ್ನು ಬರೆದು, ಮೂರು ತಿಂಗಳ ಸರಾಸರಿ ತೆಗೆದು, ಅಷ್ಟೇ ತೂಕದ ಅದೇ ಸಾಮಾನಿಗೆ ಐರ್ಲೆಂಡಿನಲ್ಲಿ ಎಷ್ಟಾಗುತ್ತದೆ ಎಂದು ಪಕ್ಕದಲ್ಲಿ ಬರೆದೆ. ಹಾಲು, ಬೆಣ್ಣೆ, ಮೊಟ್ಟೆ, ಆಲೂಗಡ್ಡೆ, ಬೆಳಗಿನ ತಿಂಡಿಯ ಕಾರ್ನ್‌ಫ್ಲೇಕ್ಸ್, ಮೊಸರು, ಸೇಬು, ಬಿಸ್ಕತ್ತು. ಬಹಳಷ್ಟು ಸಾಮಾನು ಅಲ್ಲಿ ಅಗ್ಗ, ಕೆಲವು ಸಮ. ನನ್ನ ಪುಟದ ಹನ್ನೆರಡು ಸಾಮಾನಿನ ಪಟ್ಟಿಯನ್ನೂ ಪಕ್ಕದಲ್ಲಿಟ್ಟುಕೊಂಡು ತಾಳೆ ನೋಡಿದೆ. ಅಕ್ಕಿ ಎಂಬಲ್ಲಿ ಸೊನ್ನೆ ಬಂತು. ಅಡುಗೆ ಎಣ್ಣೆ ಎಂಬಲ್ಲಿ ಒಂದು ಚಿಕ್ಕ ಬಾಟಲಿ. ಟೂತ್‌ಪೇಸ್ಟ್ ಸೊನ್ನೆ. ಆ ಸೊನ್ನೆಗಳನ್ನು ಬರೆಯುವಾಗ ನನ್ನ ಕೈ ತಡೆಯಲಿಲ್ಲ. ನನ್ನ ಮನೆಯ ಬಿಲ್ಲಿನಲ್ಲಿಯೂ ಅಕ್ಕಿ ಇರುತ್ತಿರಲಿಲ್ಲ.

ಮುಂದಿನ ಶುಕ್ರವಾರ ಪಟ್ಟಿ ಕೊಟ್ಟೆ. ಬಾಡಿಗೆ, ವಿದ್ಯುತ್ತು, ಬಸ್ಸು, ಮನೆಸಾಮಾನು ಎಲ್ಲ ಕಳೆದ ಮೇಲೆ ತಿಂಗಳ ಕೊನೆಗೆ ಸ್ವಲ್ಪ ಉಳಿಯುತ್ತಿತ್ತು. ಹೆಚ್ಚೇನೂ ಇಲ್ಲ, ಆದರೆ ಕೊರತೆಯೂ ಇಲ್ಲ.

ಅವಳು ಪಟ್ಟಿಯನ್ನು ಮೇಲಿಂದ ಕೆಳಗೆ ಎರಡು ಸಲ ಓದಿದಳು. ಗಂಡ ಹಿಂದಿನಿಂದ ಬಗ್ಗಿ ನೋಡಿ, “ಖಲಾಸ್. ಮೂರು ಟಿಕೆಟ್,” ಎಂದ.

“ಸ್ವಲ್ಪ ನಿಲ್ಲಿ, ಈಗಲೇ ಹಾರ್ಬೇಡಿ,” ಎಂದಳು ಅವಳು. ಆಮೇಲೆ ನನ್ನ ಕಡೆ ತಿರುಗಿ, “ಅಣ್ಣ, ಇದು ಸರಿ ಅಲ್ವಾ? ನೀವು ಹೇಳಿದ್ರೆ ನಾನು ಮತ್ತೆ ಯಾರನ್ನೂ ಕೇಳೋದಿಲ್ಲ,” ಎಂದಳು.

ಬೆಲೆಗಳನ್ನು ಎರಡು ಸಲ ಪರಿಶೀಲಿಸಿದ್ದೇನೆ ಎಂದು ಹೇಳಿದೆ. ಅದು ನಿಜವಾಗಿತ್ತು.

ಭಾನುವಾರ, ಅಂದರೆ ಅಲ್ಲಿಯ ವಾರದ ಮೊದಲ ಕೆಲಸದ ದಿನ, ಗಂಡ ಹೋಟೆಲಿನಲ್ಲಿ ರಾಜೀನಾಮೆ ಪತ್ರ ಕೊಟ್ಟ. ಅವನು ಹನ್ನೊಂದು ವರ್ಷ ಅದೇ ಹೋಟೆಲಿನಲ್ಲಿದ್ದವನು. ಆ ಬೇಸಿಗೆಯ ಹೊತ್ತಿಗೆ ಬಡಿಸುವವರ ಮೇಲ್ವಿಚಾರಕ, ಅಂದರೆ ಕ್ಯಾಪ್ಟನ್ ಆಗುವವನಿದ್ದ. ಒಂದು ತಿಂಗಳ ನೋಟಿಸು, ಆಮೇಲೆ ಕೈಗೆ ಬರುವ ಗ್ರಾಚ್ಯುಟಿಯಲ್ಲಿ ಟಿಕೆಟ್ಟು, ಅಲ್ಲಿಯ ಮನೆಯ ಮುಂಗಡ ಎಂದು ಲೆಕ್ಕ ಹಾಕಿದ್ದರು. ಈ ವಿಷಯ ಸೋಮವಾರ ಅವನೇ ಫೋನು ಮಾಡಿ ತಿಳಿಸಿದ.

ಅದೇ ವಾರ ಡೆಸ್ಕಿನಿಂದ ಇನ್ನೊಂದು ಕೆಲಸ ಬಂತು. ತೆರಿಗೆ ಬಂದ ಮೇಲೆ ಚಿಕ್ಕ ದಿನಸಿ ಅಂಗಡಿಗಳ ವ್ಯಾಪಾರ ಹೇಗಿದೆ ಎಂದು ನಾಲ್ಕು ಅಂಗಡಿ ಸುತ್ತಿ ಬರೆಯಬೇಕು. ಒಂದು ಅಂಗಡಿ ಫ್ರಾನ್ಸಿನಲ್ಲಿತ್ತು, ಇಂಟರ್‌ನ್ಯಾಷನಲ್ ಸಿಟಿಯ ಫ್ರಾನ್ಸಿನಲ್ಲಿ. ಉಳ್ಳಾಲದ ಕಡೆಯ ಬ್ಯಾರಿಯೊಬ್ಬರು ಇಪ್ಪತ್ತು ವರ್ಷದಿಂದ ದುಬೈನಲ್ಲಿ ದಿನಸಿ ಅಂಗಡಿ ಇಟ್ಟವರು, ಫ್ರಾನ್ಸಿಗೆ ಬಂದು ಆರು ವರ್ಷ. ಎಲ್ಲರೂ ಅವರನ್ನು ಕಾಕ ಎನ್ನುತ್ತಿದ್ದರು. ಶುಕ್ರವಾರ ಬೆಳಿಗ್ಗೆ, ನಮಾಜಿಗೆ ಅಂಗಡಿ ಮುಚ್ಚುವ ಮೊದಲು ಹೋದೆ.

“ತೆರಿಗೆ ಬಂತು, ಜನ ಕಡಿಮೆ ಕೊಳ್ತಾರಾ ಕಾಕ?”

“ಕಡಿಮೆ ಎಂತದು? ಹಾಲು ಬೇಡ ಅಂತ ಯಾರು ಹೇಳ್ತಾರೆ? ಚಿಲ್ಲರೆಯದ್ದೇ ಉಪದ್ರ. ಕಾಲು ದಿರ್‍ಹಮ್ ಇಲ್ಲ ಅಂದ್ರೆ ಚ್ಯೂಯಿಂಗ್ ಗಮ್ ಕೊಡ್ತೇನೆ.”

“ತೆಂಗಿನೆಣ್ಣೆ ಯಾರು ಹೆಚ್ಚು ಕೊಳ್ಳುವುದು?” ಎಂದು ಕೇಳಿದೆ. ಕಪಾಟಿನ ಮೇಲಿನ ಸಾಲಿನಲ್ಲಿ ತೆಂಗಿನೆಣ್ಣೆಯ ಬಾಟಲಿಗಳಿದ್ದವು, ವರದಿಗೆ ಒಂದು ಉದಾಹರಣೆ ಬೇಕಿತ್ತು.

“ಶ್ರೀಲಂಕಾದವರು ಕೊಳ್ತಾರೆ. ಫಿಲಿಪೈನಿನ ಹೆಂಗಸರು ತಲೆಗೆ ಹಚ್ಲಿಕ್ಕೆ ಕೊಳ್ತಾರೆ.”

“ನಮ್ಮವರು?”

ಕಾಕ ನಕ್ಕರು. “ನಿಮ್ಮವರಾ? ನೀವು ಕೊಂಡಿದ್ದೀರಾ ಯಾವತ್ತಾದ್ರೂ? ಊರಿನವರು ನನ್ನಲ್ಲಿ ಎಂತ ತಗೊಳ್ಳೋದು ಹೇಳಿ. ಹಾಲು, ಮೊಟ್ಟೆ, ಮಕ್ಕಳಿಗೆ ಬಿಸ್ಕತ್ತು. ಅಕ್ಕಿ ಊರಿಂದ, ಎಣ್ಣೆ ಊರಿಂದ, ಮೆಣಸು ಊರಿಂದ, ಮೀನು ಒಣಗಿಸಿ ಊರಿಂದ. ಸೋಪು ಕೂಡ ಊರಿಂದ ಮಾರಾಯ್ರೆ! ಇಲ್ಲಿಯ ಸೋಪು ಹಾಕಿದ್ರೆ ಇವರಿಗೆ ನೊರೆ ಬರೋದಿಲ್ಲ. ವಿಮಾನ ನಿಂತ್ರೆ ನಾನು ಮಾಳಿಗೆ ಕಟ್ಟಿಸ್ತಿದ್ದೆ.”

ನಾನು ಅವರ ಮಾತನ್ನು ಟಿಪ್ಪಣಿ ಪುಸ್ತಕದಲ್ಲಿ ಬರೆದುಕೊಂಡೆ. ಕೆಳಗೆ ಅಡ್ಡಗೆರೆ ಎಳೆದು ಸಮಯ ಹಾಕಿದೆ, ಹನ್ನೊಂದು ಐವತ್ತು. ಆಮೇಲೆ ಫ್ರಾನ್ಸಿನಿಂದ ಸ್ಪೇನಿಗೆ ನಡೆದೆ. ಏಳು ನಿಮಿಷದ ದಾರಿ.

ಅವರು ಊಟಕ್ಕೆ ಕುಳಿತಿದ್ದರು. ನನಗೂ ತಟ್ಟೆ ಇಟ್ಟರು. ಕುಚ್ಚಲಕ್ಕಿ ಅನ್ನ, ಬಂಗುಡೆ ಸಾರು, ಒಣ ಸೀಗಡಿಯ ಚಟ್ನಿ, ಹುರಿದ ಹಪ್ಪಳ, ಪುನರ್ಪುಳಿಯ ನೀರು. ತಟ್ಟೆಯಲ್ಲಿದ್ದ ಯಾವುದೂ ಆ ಕ್ಲಿಪ್ಪಿನ ಬಿಲ್ಲುಗಳಲ್ಲಿ ಇರಲಿಲ್ಲ, ಬಂಗುಡೆಯೂ ಸೇರಿ. ದೇರಾದ ಮೀನು ಮಾರುಕಟ್ಟೆಯಲ್ಲಿ ಬಿಲ್ಲು ಕೊಡುವುದಿಲ್ಲ.

ಊಟ ಮುಗಿಯುವವರೆಗೆ ಕಾಯುವುದು ಸರಿಯೆನಿಸಲಿಲ್ಲ. “ನನ್ನ ಪಟ್ಟಿಯಲ್ಲಿ ತಪ್ಪಾಗಿದೆ,” ಎಂದೆ.

ಗಂಡನ ಕೈ ಸಾರಿನ ಪಾತ್ರೆಯ ಮೇಲೆ ನಿಂತಿತು. “ಎಂತ ತಪ್ಪು? ಬೆಲೆಯಾ?”

“ಬೆಲೆ ಅಲ್ಲ. ಈ ಅಕ್ಕಿ ಎಲ್ಲಿಯದು?”

“ಇದಾ? ಇದು ಬೆಳ್ಮಣ್ಣಿನ ಚಿಕ್ಕಮ್ಮನ ಮಗ ತಂದದ್ದು, ಕ್ರಿಸ್ಮಸಿಗೆ ಹೋಗಿ ಬಂದಾಗ,” ಎಂದಳು ಅವಳು. ಹೇಳುತ್ತಲೇ ಎದ್ದು ಅಡುಗೆಮನೆಗೆ ಹೋದಳು. ಮೇಲಿನ ಕಪಾಟು ತೆರೆಯುವ ಸದ್ದು ಕೇಳಿಸಿತು. ನಾವೂ ಹೋದೆವು. ಅವಳು ಒಂದೊಂದನ್ನೇ ತೆಗೆದು ಕಟ್ಟೆಯ ಮೇಲೆ ಇಡುತ್ತ ಹೋದಳು. “ಬಫಾತ್ ಮಸಾಲೆ ಪುಡಿ, ಮಮ್ಮಿ ಕಳಿಸಿದ್ದು. ತೆಂಗಿನೆಣ್ಣೆ ಐದು ಲೀಟರು, ಇವರ ಹೋಟೆಲಿನ ಉಡುಪಿಯವರು ತಂದದ್ದು. ಹುಣಸೆಹುಳಿ. ಉದ್ದಿನಬೇಳೆ. ಒಣ ಸೀಗಡಿ. ಸೋಪು ಒಂದು ಡಜನ್. ಪೇಸ್ಟು. ತಲೆನೋವಿನ ಮುಲಾಮು. ಸಾಯ್ಬಾ ಭೊಗೊಸ್, ದೇವರೇ ಕ್ಷಮಿಸು, ಇದಕ್ಕೆ ಯಾವುದಕ್ಕೂ ಬಿಲ್ಲೇ ಇಲ್ಲ!”

ಗಂಡ ಬಾಗಿಲಿಗೆ ಒರಗಿ ನಿಂತಿದ್ದ. “ಹಾಗಾದ್ರೆ ನೀವು ಬರೆದು ಕೊಟ್ಟದ್ದು ಎಂತದು ಮಾರಾಯ್ರೆ? ಐರ್ಲೆಂಡಲ್ಲಿ ನಾವು ಬರೀ ಹಾಲು ಕುಡಿದು ಇರ್ಲಿಕ್ಕೆ ಹೋಗೋದಾ?”

ಮಗಳು ಊಟದ ಮೇಜಿನಿಂದಲೇ ಕೂಗಿ ಹೇಳಿದಳು: “ಪಪ್ಪಾ, ಯೂ ಈಟ್ ಇನ್ ದ ಹೋಟೆಲ್, ನೋ? ಮಮ್ಮಾ ಈಟ್ಸ್ ಇನ್ ಹಾಸ್ಪಿಟಲ್. ಓನ್ಲಿ ಐ ಈಟ್ ಹಿಯರ್ ಎವ್ರಿ ಡೇ.”

ಅದು ಸರಿಯಾಗಿತ್ತು. ಗಂಡ ವಾರದಲ್ಲಿ ಆರು ದಿನ ಎರಡು ಹೊತ್ತು ಹೋಟೆಲಿನ ಸಿಬ್ಬಂದಿ ಊಟದ ಕೋಣೆಯಲ್ಲಿ ಉಣ್ಣುತ್ತಿದ್ದ. ಅದಕ್ಕೆ ಹಣ ಕೊಡಬೇಕಿರಲಿಲ್ಲ. ಅವಳಿಗೆ ಪಾಳಿಯ ದಿನ ಆಸ್ಪತ್ರೆಯಲ್ಲಿ ಊಟದ ಕೂಪನ್ ಸಿಗುತ್ತಿತ್ತು. ಮೂರು ಜನರ ಸಂಸಾರ ಎಂದು ತಲೆಬರಹ ಹಾಕಿ ನಾನು ಹೋಲಿಸಿದ್ದು ಹೆಚ್ಚುಕಡಿಮೆ ಒಂಬತ್ತು ವರ್ಷದ ಒಂದು ಮಗುವಿನ ಬೆಳಗಿನ ತಿಂಡಿಯನ್ನು.

ಕಟ್ಟೆಯ ಮೇಲಿನ ಸಾಮಾನನ್ನು ಅಲ್ಲೇ ತೂಗಿದೆವು. ಅವಳಲ್ಲಿ ಕೇಕಿಗೆಂದು ಇಟ್ಟ ಒಂದು ಚಿಕ್ಕ ತಕ್ಕಡಿ ಇತ್ತು. ಯಾವ ಡಬ್ಬ ಎಷ್ಟು ದಿನಕ್ಕೆ ಮುಗಿಯುತ್ತದೆ ಎಂದು ಅವಳು ಹೇಳಿದಳು, ನಾನು ಬರೆದೆ. ಗಂಡ ಹೋಟೆಲಿನಲ್ಲಿ ಉಣ್ಣುವುದನ್ನು ಒಂದೊಂದಾಗಿ ಹೇಳಿದ. ಅವನು ಕೋಳಿಯ ತುಂಡುಗಳ ಸಂಖ್ಯೆಯನ್ನು ಕಡಿಮೆ ಹೇಳುತ್ತಿದ್ದಾನೆ ಎಂದು ಅವಳಿಗೆ ಅನುಮಾನ.

“ಎರಡು ತುಂಡು? ಮಂಡೆ ಸಮ ಉಂಟಾ ನಿಮ್ಗೆ? ಮನೆಯಲ್ಲಿ ನಾಲ್ಕು ಹಾಕಿದ್ರೂ ಪಾತ್ರೆ ನೋಡ್ತೀರಿ.”

“ಹೋಟೆಲಲ್ಲಿ ನಾಚಿಕೆ ಮಾಡ್ತೇನೆ ನಾನು.”

“ಅಣ್ಣ, ನಾಲ್ಕು ಅಂತ ಬರೀರಿ.”

ನಾಲ್ಕು ಎಂದು ಬರೆದೆ.

ಊರಿನ ಸಾಮಾನು ಐರ್ಲೆಂಡಿಗೆ ಬರುವ ದಾರಿಯನ್ನೂ ವಿಚಾರಿಸಿದೆ. ಅವಳು ಐರ್ಲೆಂಡಿನಲ್ಲಿದ್ದ ತನ್ನ ಗೆಳತಿಗೆ ಅಡುಗೆಮನೆಯಿಂದಲೇ ಫೋನು ಮಾಡಿದಳು. ಮಂಗಳೂರಿನಿಂದ ನೇರ ವಿಮಾನವಿಲ್ಲ. ಊರಿಗೆ ಹೋಗುವುದು ಎರಡು ವರ್ಷಕ್ಕೊಮ್ಮೆ. ಮಾಂಸ ಮತ್ತು ಹಾಲಿನ ಪದಾರ್ಥ ತರುವಂತಿಲ್ಲ, ತುಪ್ಪವೂ ಇಲ್ಲ. ಗೆಳತಿ ಇದ್ದ ಪಟ್ಟಣದಲ್ಲಿ ಕರಾವಳಿಯವರು ಅವಳೊಬ್ಬಳೇ. ಪೆಟ್ಟಿಗೆಯಲ್ಲಿ ಜಾಗ ಕೇಳುವುದಕ್ಕೆ ಇನ್ನೊಬ್ಬರು ಬೇಕಲ್ಲ. ಕುಚ್ಚಲಕ್ಕಿ ಬೇಕೆಂದರೆ ಇನ್ನೊಂದು ಊರಿನ ಏಷ್ಯನ್ ಅಂಗಡಿಗೆ ಬಸ್ಸಿನಲ್ಲಿ ಹೋಗಬೇಕು. ಆ ಅಂಗಡಿಯ ಬೆಲೆಗಳನ್ನು ಗೆಳತಿ ಹೇಳಿದಳು. ಅವನ್ನೂ ಬರೆದುಕೊಂಡೆ.

ಎರಡನೆಯ ಪಟ್ಟಿ ಮುಗಿದಾಗ ನಾಲ್ಕು ಗಂಟೆ. ಮೊದಲ ಪಟ್ಟಿಯಲ್ಲಿ ಉಳಿಕೆ ಇದ್ದ ಜಾಗದಲ್ಲಿ ಈಗ ಕೊರತೆ ಇತ್ತು. ಕೊರತೆ ಸಣ್ಣದಾಗಿರಲಿಲ್ಲ. ಅಕ್ಕಿಯ ಬದಲು ಬ್ರೆಡ್ಡು, ಬಂಗುಡೆಯ ಬದಲು ಡಬ್ಬದ ಮೀನು ಎಂದು ಹಾಕಿ ಇನ್ನೊಂದು ಸಲ ಕೂಡಿ ನೋಡಿದೆವು. ಕೊರತೆ ಕಡಿಮೆಯಾಯಿತು, ಹೋಗಲಿಲ್ಲ.

ಅವಳು ಎರಡು ಪಟ್ಟಿಗಳನ್ನೂ ಬಿಲ್ಲುಗಳ ಕ್ಲಿಪ್ಪಿಗೆ ಸಿಕ್ಕಿಸಿದಳು. ಆಮೇಲೆ ಕೇಳಿದಳು, “ಅಣ್ಣ, ಪೇಪರಲ್ಲಿ ತಪ್ಪು ಬಂದ್ರೆ ನೀವು ಎಂತ ಮಾಡ್ತೀರಿ?”

“ಮರುದಿನ ಎರಡನೇ ಪುಟದ ಕೆಳಗೆ ತಿದ್ದುಪಡಿ ಹಾಕ್ತೇವೆ.”

“ಅದನ್ನು ಯಾರಾದ್ರೂ ಓದ್ತಾರಾ?”

“ಹೆಚ್ಚು ಜನ ಓದುವುದಿಲ್ಲ.”

“ನಾವು ಓದಿದ್ದೇವೆ, ಬಿಡಿ,” ಎಂದಳು.

ಗಂಡ ಆಗಲೇ ಫೋನ್ ಹಿಡಿದು ಬಾಲ್ಕನಿಗೆ ಹೋಗಿದ್ದ. ತನ್ನ ಮ್ಯಾನೇಜರಿಗೆ ಮಾಡುತ್ತಿದ್ದ ಕರೆ. ಅವನ ಹಿಂದಿಯಲ್ಲಿ ಪತ್ರ ಎಂಬ ಮಾತು, ವಾಪಸು ಎಂಬ ಮಾತು ಕೇಳಿಸುತ್ತಿದ್ದವು. ಒಳಗೆ ಬಂದು ಹೇಳಿದ: “ಪತ್ರ ಎಚ್ಆರ್‌ಗೆ ಹೋಗಿ ಆಯ್ತಂತೆ. ಭಾನುವಾರ ಬಾ ಹೇಳಿದ್ರು.”

ಸೋಮವಾರ ಡೆಸ್ಕಿನಲ್ಲಿ ನಾನು ಜನವರಿಯ ಪುಟವನ್ನು ಮುಖ್ಯಸ್ಥರ ಮುಂದೆ ಇಟ್ಟೆ. ನಮ್ಮ ಓದುಗರಲ್ಲಿ ಒಂದು ದೊಡ್ಡ ಭಾಗ ಅಕ್ಕಿ, ಎಣ್ಣೆ, ಸೋಪನ್ನು ಇಲ್ಲಿ ಕೊಳ್ಳುವುದೇ ಇಲ್ಲ, ಊರಿನಿಂದ ಪೆಟ್ಟಿಗೆಯಲ್ಲಿ ತರಿಸುತ್ತಾರೆ, ಅವರಿಗೆ ಈ ಹೋಲಿಕೆ ದಾರಿ ತಪ್ಪಿಸುತ್ತದೆ ಎಂದು ವಿವರಿಸಿದೆ.

“ನಾವು ಕೊಟ್ಟ ಬೆಲೆಗಳಲ್ಲಿ ಯಾವುದಾದರೂ ತಪ್ಪಿದೆಯೇ?” ಎಂದು ಕೇಳಿದರು.

“ಇಲ್ಲ.”

“ಪ್ರಮಾಣದ ಬಗ್ಗೆ ಕೆಳಗೆ ಬರೆದಿದ್ದೇವಲ್ಲ?”

“ಬರೆದಿದ್ದೇವೆ.”

“ಹಾಗಾದರೆ ತಿದ್ದುಪಡಿ ಬೇಡ. ಆ ಪೆಟ್ಟಿಗೆಗಳ ಮೇಲೆ ಬೇರೆ ವರದಿ ಮಾಡಿ.” ಆ ವರದಿಯನ್ನು ನಾನು ಮಾಡಲಿಲ್ಲ. ದಿನಸಿ ಅಂಗಡಿಗಳ ವರದಿ ಅಚ್ಚಾಯಿತು. ಅದರಲ್ಲಿ ಕಾಕ ಹೇಳಿದ ಚಿಲ್ಲರೆಯ ಮಾತು ಉಳಿಯಿತು, ತೆಂಗಿನೆಣ್ಣೆಯ ಭಾಗವನ್ನು ಜಾಗ ಸಾಲದೆ ತೆಗೆದರು.

ಹೋಟೆಲಿನಲ್ಲಿ ಎರಡು ದಿನ ಓಡಾಡಿದ ಮೇಲೆ ಗಂಡನ ರಾಜೀನಾಮೆ ಹಿಂದಕ್ಕೆ ಬಂತು. ಆದರೆ ಅಷ್ಟರಲ್ಲಿ ಕ್ಯಾಪ್ಟನ್ ಹುದ್ದೆಗೆ ನೇಪಾಳದ ಇನ್ನೊಬ್ಬನ ಹೆಸರು ಹೋಗಿತ್ತು. ಅದನ್ನು ಬದಲಿಸಲು ಅವರು ಒಪ್ಪಲಿಲ್ಲ. ಇವನನ್ನು ಹಳೆಯ ಕೆಲಸದಲ್ಲೇ ಉಳಿಸಿ ಬೆಳಗಿನ ಉಪಾಹಾರದ ಪಾಳಿಗೆ ಹಾಕಿದರು. ಅವನು ಮನೆಯಿಂದ ನಾಲ್ಕೂವರೆಗೆ ಹೊರಡಬೇಕಾಯಿತು. ಈ ವಿಷಯ ಹೇಳುವಾಗ ಅವನು ನನ್ನನ್ನು ದೂರಲಿಲ್ಲ. “ಹೋಗ್ಲಿ ಮಾರಾಯ್ರೆ, ಕ್ಯಾಪ್ಟನ್ ಆದ್ರೆ ಕೋಟು ಹಾಕ್ಬೇಕು, ನನಗೆ ಸೆಕೆ ಆಗ್ತದೆ,” ಎಂದ.

ಮಾರ್ಚ್ ಎರಡನೆಯ ವಾರ ಅವಳು ಆಸ್ಪತ್ರೆಗೆ ಉತ್ತರ ಬರೆದಳು. ಕಳುಹಿಸುವ ಮೊದಲು ಇಂಗ್ಲಿಷ್ ನೋಡಿಕೊಡಲು ನನಗೆ ಕಳುಹಿಸಿದ್ದಳು. ನಾಲ್ಕು ಸಾಲಿನ ಪತ್ರ. ಹುದ್ದೆ ಒಪ್ಪಿದ್ದೇನೆ, ಸದ್ಯಕ್ಕೆ ಒಬ್ಬಳೇ ಬರುತ್ತೇನೆ, ಕುಟುಂಬದ ಅರ್ಜಿಯನ್ನು ಮುಂದೆ ಸಲ್ಲಿಸುತ್ತೇನೆ ಎಂದಿತ್ತು. ಒಂದು ಅಲ್ಪವಿರಾಮ ಸೇರಿಸಿ ಹಿಂದಕ್ಕೆ ಕಳುಹಿಸಿದೆ.

ಏಪ್ರಿಲ್‌ನಿಂದ ಅವಳು ಮಗಳಿಗೆ ತನ್ನ ಕೂದಲನ್ನು ತಾನೇ ಜಡೆ ಹಾಕಿಕೊಳ್ಳಲು ಕಲಿಸಿದಳು. ಶಾಲೆಯ ಬಸ್ಸು ಆರೂಕಾಲಕ್ಕೆ ಬರುತ್ತಿತ್ತು, ಆ ಹೊತ್ತಿಗೆ ಅಪ್ಪ ಮನೆಯಲ್ಲಿ ಇರುವುದಿಲ್ಲ. ಪಕ್ಕದ ಮನೆಯ ಕೇರಳದ ಅಜ್ಜಿಯೊಬ್ಬರು ಬಸ್ಸಿಗೆ ಹತ್ತಿಸಲು ಒಪ್ಪಿದರು. ಮಗಳು ನೆನಪಿಡಬೇಕಾದ ಕೆಲಸಗಳನ್ನು ಅಮ್ಮ ಒಂದು ಕಾಗದದಲ್ಲಿ ಬರೆದು ಫ್ರಿಜ್ಜಿಗೆ ಅಂಟಿಸಿದ್ದಳು. ನಾನು ಒಂದು ಸಲ ಹೋದಾಗ ಅದನ್ನು ಓದಿದೆ. ಗ್ಯಾಸ್ ಮುಟ್ಟಬಾರದು ಎಂಬುದು ಮೊದಲನೆಯದು.

“ವಾಟ್ ಇಫ್ ಐ ಫರ್ಗೆಟ್?” ಎಂದು ಮಗಳು ಕೇಳಿದಳು.

“ಮರೆತ್ರೆ ಫೋನ್ ಮಾಡು,” ಎಂದಳು ಅಮ್ಮ.

“ಯೂ ವಿಲ್ ಬಿ ಆನ್ ಡ್ಯೂಟಿ.”

“ಡ್ಯೂಟಿಯಲ್ಲಿದ್ರೂ ತೆಗೀತೇನೆ.”

2018ರ ಸೆಪ್ಟೆಂಬರ್‌ನಲ್ಲಿ ಅವಳು ಒಬ್ಬಳೇ ಐರ್ಲೆಂಡಿಗೆ ಹೋದಳು. ಆ ವರ್ಷದ ಕ್ರಿಸ್ಮಸಿಗೆ ಬರಲು ರಜೆ ಸಿಗಲಿಲ್ಲ. ಪ್ರತಿ ತಿಂಗಳ ಕೊನೆಯಲ್ಲಿ ಅಲ್ಲಿಯ ಬಿಲ್ಲುಗಳ ಫೋಟೋ ತೆಗೆದು ನನಗೆ ಕಳುಹಿಸುತ್ತಿದ್ದಳು, ಬಿಲ್ಲಿಲ್ಲದೆ ಬಂದದ್ದನ್ನು ಬೇರೆ ಕಾಗದದಲ್ಲಿ ಬರೆದು. ನಾನು ಪಟ್ಟಿಯನ್ನು ಸರಿಪಡಿಸುತ್ತಿದ್ದೆ. ಹೆಚ್ಚಿನ ಪಾಳಿಗಳನ್ನು ಸೇರಿಸಿದರೂ 2019ರ ಮೇವರೆಗೆ ಮೂವರ ಲೆಕ್ಕ ಕೊರತೆಯಲ್ಲೇ ಇತ್ತು. ಜೂನ್ ತಿಂಗಳಲ್ಲಿ ಅವಳ ಸಂಬಳ ಒಂದು ಮೆಟ್ಟಿಲು ಏರಿತು. ಪಟ್ಟಣದ ಹೊರಗೆ, ಆಸ್ಪತ್ರೆಯಿಂದ ಎರಡು ಬಸ್ಸಿನ ದೂರದಲ್ಲಿ, ಕಡಿಮೆ ಬಾಡಿಗೆಯ ಎರಡು ಕೋಣೆಯ ಮನೆ ಸಿಕ್ಕಿತು. ಆ ತಿಂಗಳ ಪಟ್ಟಿಯನ್ನು ನಾನು ಅವಳಿಗೆ ಕಳುಹಿಸಿದ ಮರುದಿನ ಗಂಡ ಹೋಟೆಲಿನಲ್ಲಿ ಎರಡನೆಯ ಸಲ ರಾಜೀನಾಮೆ ಕೊಟ್ಟ.

ಅವನೂ ಮಗಳೂ 2019ರ ಆಗಸ್ಟ್ ಕೊನೆಯಲ್ಲಿ ಹೊರಟರು. ಮಗಳು ಅಲ್ಲಿ ಐದನೆಯ ತರಗತಿಗೆ ಸೇರಿದಳು. ಡಿಸೆಂಬರ್‌ನಲ್ಲಿ ಬಂದ ಸಂದೇಶದ ಪ್ರಕಾರ ಗಂಡನಿಗೆ ಒಂದು ವೃದ್ಧಾಶ್ರಮದ ಊಟದ ವಿಭಾಗದಲ್ಲಿ ವಾರಕ್ಕೆ ಮೂರು ದಿನದ ಕೆಲಸ ಸಿಕ್ಕಿದೆ.